ನಾನೂರು ರೆಸ್ಯೂಮೆ ಮಧ್ಯೆ ನಿಮ್ದು ಕಾಣ್ಬೇಕು ಅಂದ್ರೆ

ಹೋದ ವರ್ಷ ನಮ್ಮ ಟೀಮಲ್ಲಿ ಒಂದು ಪೋಸ್ಟ್ ಖಾಲಿ ಆಯ್ತು, ಕಸ್ಟಮರ್ ಸಪೋರ್ಟ್ ಕಡೆ ಅನಲಿಸ್ಟ್ ಕೆಲ್ಸ, ಒಂದೇ ಒಂದು ಸೀಟು. ಶುಕ್ರವಾರ ಸಾಯಂಕಾಲ ನೌಕ್ರಿ ಡಾಟ್ ಕಾಮಲ್ಲಿ ಹಾಕಿದ್ದು, ಸೋಮವಾರ ಬೆಳಿಗ್ಗೆ ನಾನು ಬಂದು ಲಾಗಿನ್ ಆಗೋ ಹೊತ್ತಿಗೆ ನಾನೂರು ದಾಟಿತ್ತು. ಎಚ್‌ಆರ್ ಮೇಡಂ ಅದನ್ನ ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಮೇಲೂ ಕೆಲ್ಸ ಮಾಡ್ಬೇಕಾದ ದಿನಗಳು), ಊರು, ಸಂಬ್ಳ, ನಾಲ್ಕೈದು ಕೀವರ್ಡ್ ಹಾಕಿ ಸೋಸಿ ನಂಗೆ ಮೂವತ್ತು ಕಳ್ಸಿದ್ರು. ನಾನು ಅದನ್ನ ನೋಡಿದ್ದು ಎರಡು ಕಾಲ್ ಮಧ್ಯೆ ಸಿಕ್ಕಿದ ಅರ್ಧ ಗಂಟೇಲಿ, ಒಂದ್ ಕೈಲಿ ಕಾಫಿ. ಅಂದ್ರೆ ಒಬ್ಬೊಬ್ಬರಿಗೆ ಒಂದೇ ನಿಮಿಷ, ಕೆಲವರಿಗೆ ಅದೂ ಇಲ್ಲ. ಕೇಳೋಕೆ ಬೇಜಾರಾಗತ್ತೆ, ಆದ್ರೆ ಇರೋದೇ ಹಿಂಗೆ.

ಮೂವತ್ತರಲ್ಲಿ ಇಪ್ಪತ್ತೈದು ಒಂದೇ ಅಚ್ಚಲ್ಲಿ ಬೇಯಿಸಿದ ಇಡ್ಲಿ. ಹಾರ್ಡ್‌ವರ್ಕಿಂಗ್, ಟೀಮ್ ಪ್ಲೇಯರ್, ಕ್ವಿಕ್ ಲರ್ನರ್. ಒಂದು ಮಾತ್ರ ಬೇರೆ ಥರ ಇತ್ತು. ಆ ಹುಡುಗಿ ನಮ್ಮ ಆಪ್ ಬಗ್ಗೆ ಪ್ಲೇ ಸ್ಟೋರಲ್ಲಿ ಜನ ಒಂದು ಸ್ಟಾರ್ ಕೊಟ್ಟು ಬೈದಿರೋ ರಿವ್ಯೂಗಳನ್ನ ಕೂತು ಓದಿ, ಇತ್ತೀಚಿನ ಇನ್ನೂರನ್ನ ಒಂದು ಎಕ್ಸೆಲ್ ಶೀಟಲ್ಲಿ ಹಾಕಿ, ರೀಫಂಡ್ ಲೇಟು, ಓಟಿಪಿ ಬರ್ತಿಲ್ಲ, ಕಾಲ್ ಎತ್ತಲ್ಲ ಅಂತ ಐದು ಗುಂಪು ಮಾಡಿ, ಕೆಳಗಡೆ ಎರಡೇ ಸಾಲು ಬರ್ದಿದ್ಲು: ರೀಫಂಡ್ ಬಗ್ಗೆ ಬೈಯೋರಲ್ಲಿ ಬಹಳ ಜನಕ್ಕೆ ದುಡ್ಡು ಬಂದಿಲ್ಲ ಅಂತ ಸಿಟ್ಟಲ್ಲ, ಯಾವಾಗ ಬರತ್ತೆ ಅಂತ ಯಾರೂ ಹೇಳ್ತಿಲ್ಲ ಅಂತ ಸಿಟ್ಟು, ಒಂದು ಎಸ್ಸೆಮ್ಮೆಸ್ ಕಳಿಸಿದ್ರೆ ಅರ್ಧ ಕಂಪ್ಲೇಂಟ್ ಕಮ್ಮಿ ಆಗಬಹುದೇನೋ. ನಾನು ಕಾಫಿ ಕೆಳಗಿಟ್ಟು ಕೂತೆ. ಅವಳಿಗೆ ಎಕ್ಸ್‌ಪೀರಿಯನ್ಸ್ ಉಳಿದವರಿಗಿಂತ ಒಂದು ವರ್ಷ ಕಮ್ಮಿ ಇತ್ತು. ಆದ್ರೆ ಕೆಲ್ಸ ಅವಳಿಗೇ ಹೋಯ್ತು.

ಆ ಇನ್ನೊಂದು ಕಡೆಯ ಕುರ್ಚೀಲೂ ನಾನು ಕೂತಿದೀನಿ. 2014ರಲ್ಲಿ ಬಿಎಸ್ಸಿ ಮುಗ್ಸಿ ಚನ್ನರಾಯಪಟ್ಟಣದಿಂದ ಬೆಂಗ್ಳೂರಿಗೆ ಬಂದು ಬಿಟಿಎಂ ಲೇಔಟ್ ಪಿಜೀಲಿ ಮೂರು ಜನ ಒಂದು ರೂಮು, ಮೂರು ತಿಂಗ್ಳು ಸಿಕ್ಕಸಿಕ್ಕಲ್ಲೆಲ್ಲ ಅಪ್ಲೈ ಮಾಡಿದೀನಿ. ಮೊದಲನೇ ರೆಸ್ಯೂಮೆ ಊರಿನ ಸೈಬರ್ ಸೆಂಟರಲ್ಲಿ ಟೈಪ್ ಮಾಡ್ಸಿದ್ದು, ಅಲ್ಲಿನ ಅಣ್ಣ ಬೇರೆ ಯಾರದ್ದೋ ಫೈಲ್ ತೆಗ್ದು ಹೆಸರು ಮಾರ್ಕ್ಸು ಬದಲಾಯಿಸಿ ಕೊಟ್ಟ, ಹಾಬಿ ಮಾತ್ರ ಬದಲಾಯಿಸ್ಲಿಲ್ಲ. ಅದ್ರಲ್ಲಿ ಫಿಲಾಟಲಿ ಅಂತಿತ್ತು. ಇಂಟರ್‌ವ್ಯೂ ತಗೊಂಡ ದೊಡ್ಡೋರು ಕನ್ನಡಕ ಇಳ್ಸಿ, ಓ ನೀವೂನಾ, ಯಾವ ದೇಶದ್ದು ಕಲೆಕ್ಟ್ ಮಾಡ್ತೀರಿ ಅಂದ್ರು. ಅದು ಸ್ಟಾಂಪ್ ಸಂಗ್ರಹ ಅಂತಾನೇ ನಂಗೆ ಗೊತ್ತಿಲ್ಲ. ಇಂಡಿಯಾದ್ದೇ ಸರ್ ಅಂದೆ. ಮುಂದಕ್ಕೆ ಏನಾಯ್ತು ಅಂತ ಕೇಳ್ಬೇಡಿ. ಅದಕ್ಕೆ ಈ ಕೆಳಗಡೆ ಬರೆದಿರೋದ್ರಲ್ಲಿ ಅರ್ಧ ನಾನು ಎಡವಿ ಕಲ್ತಿದ್ದು, ಇನ್ನರ್ಧ ಈಚೆ ಕೂತ್ಕೊಂಡು ನೋಡಿದ್ದು.

ಶುರು ಮಾಡೋಕೆ ಮುಂಚೆ ಒಂದು ಶೀಟ್ ಮಾಡ್ಕೊಳಿ

ದಿನಕ್ಕೆ ಐವತ್ತು ಕಡೆ ಈಸಿ ಅಪ್ಲೈ ಒತ್ತೋದು ಕೆಲ್ಸ ಹುಡ್ಕಿದಂಗಲ್ಲ, ಬೆರಳಿಗೆ ವ್ಯಾಯಾಮ ಅಷ್ಟೆ. ವಾರಕ್ಕೆ ಹತ್ತು ಕಡೆ ಸಾಕು, ಆದ್ರೆ ಆ ಹತ್ತೂ ನೋಡಿ ಹಾಕಿದ್ದಾಗಿರ್ಬೇಕು. ಗೂಗಲ್ ಶೀಟಲ್ಲೋ ನೋಟ್‌ಬುಕ್ಕಲ್ಲೋ ಕಾಲಂ ಎಳೀರಿ: ಕಂಪ್ನಿ, ಪೋಸ್ಟು, ಜಾಬ್ ಐಡಿ, ಹಾಕಿದ ತಾರೀಖು, ಯಾವ ರೆಸ್ಯೂಮೆ ಹಾಕಿದ್ದು, ಯಾರ ಮೂಲಕ, ಮತ್ತೆ ಯಾವಾಗ ಕೇಳ್ಬೇಕು. ಜೆಡಿ ಅಂತಾರಲ್ಲ, ಕೆಲ್ಸದ ವಿವರ, ಅದನ್ನ ಪೂರ್ತಿ ಕಾಪಿ ಮಾಡಿ ಇಟ್ಕೊಳಿ, ಯಾಕಂದ್ರೆ ಮೂರು ವಾರ ಬಿಟ್ಟು ಫೋನ್ ಬರೋ ಹೊತ್ತಿಗೆ ಆ ಪೋಸ್ಟ್ ಸೈಟಿಂದ ತೆಗ್ದಿರ್ತಾರೆ, ಆಮೇಲೆ ಯಾವ ಕಂಪ್ನಿ ಯಾವ ಕೆಲ್ಸ ಅಂತ ನೀವೇ ತಡವರಿಸ್ತೀರ.

ಜೆಡಿ ಓದೋದಕ್ಕೂ ಒಂದು ರೀತಿ ಇದೆ. ಹನ್ನೆರಡು ಪಾಯಿಂಟ್ ಬರ್ದಿರ್ತಾರೆ, ಅದ್ರಲ್ಲಿ ನಿಜವಾಗ್ಲೂ ಬೇಕಾಗಿರೋದು ಸಾಮಾನ್ಯವಾಗಿ ಮೊದಲ ಮೂರ್ನಾಲ್ಕು, ಉಳಿದಿದ್ದು ಹಳೇ ಜೆಡಿಯಿಂದ ಎತ್ತಿ ಅಂಟಿಸಿದ್ದು, ನಾನೇ ಅಂಟಿಸಿದೀನಿ ಅದಕ್ಕೇ ಹೇಳ್ತಿದೀನಿ. ಎರಡು ಸಲ ಬಂದಿರೋ ಪದ ಯಾವ್ದು ನೋಡಿ, ಅದೇ ಅವರ ತಲೆನೋವು. ಅರ್ಧಕ್ಕಿಂತ ಜಾಸ್ತಿ ನಿಮ್ಮತ್ರ ಇದ್ರೆ ಹಾಕ್ಬಿಡಿ, ಎಲ್ಲಾ ಇದ್ರೇನೇ ಹಾಕೋದು ಅಂತ ಕಾಯ್ಬೇಡಿ, ನಮ್ಮ ಹೆಣ್ಮಕ್ಕಳು ಇದ್ರಲ್ಲಿ ತುಂಬಾ ಹಿಂಜರೀತಾರೆ, ಅತ್ತ ಕಡೆ ಮೂರೇ ಗೊತ್ತಿರೋ ಹುಡುಗ್ರು ಧೈರ್ಯವಾಗಿ ಹಾಕಿ ಕೂತಿರ್ತಾರೆ. ಪೋಸ್ಟ್ ಬಿದ್ದ ಮೊದಲ ಒಂದೆರಡು ದಿನದಲ್ಲಿ ಹಾಕಿ. ಹತ್ತು ದಿನ ಬಿಟ್ಟು ಹಾಕಿದ್ರೆ ಅಷ್ಟೊತ್ತಿಗೆ ನಾವು ಎರಡನೇ ರೌಂಡಲ್ಲಿರ್ತೀವಿ.

ರೆಸ್ಯೂಮೆ, ಅಂಗಡಿ ಲೆಕ್ಕದ ಕಥೆ

ನಮ್ಮಕ್ಕನ ಮಗ ಬಿಕಾಂ ಮುಗ್ಸಿ ತುಮಕೂರಿಂದ ಬಂದ. ಜಯನಗರದಲ್ಲಿ ದರ್ಶಿನಿ ಮುಂದೆ ನಿಂತ್ಕೊಂಡು ಖಾಲಿ ದೋಸೆ ತಿನ್ತಾ ಅವನ ರೆಸ್ಯೂಮೆ ಫೋನಲ್ಲಿ ನೋಡಿದೆ. ಡಿಗ್ರಿ, ಪರ್ಸೆಂಟೇಜು, ಟ್ಯಾಲಿ ಕೋರ್ಸ್, ಎಂಎಸ್ ಆಫೀಸ್, ಕೊನೇಲಿ ಅಪ್ಪನ ಹೆಸ್ರು, ಧರ್ಮ, ಮೇಲೆ ಹೇಳಿದ್ದೆಲ್ಲ ಸತ್ಯ ಅಂತ ಡಿಕ್ಲರೇಷನ್. ಅಷ್ಟೇ ಏನೋ ಅಂದೆ. ಅಷ್ಟೇ ಮಾಮ, ಫ್ರೆಶರ್ ತಾನೆ ಅಂದ. ಮೂರು ವರ್ಷ ಸಾಯಂಕಾಲ ಎಲ್ಲೋ ಹೋಗ್ತಿದ್ಯಲ್ಲ ಅಂದೆ. ಅದಾ, ಚಿಕ್ಕಪ್ಪನ ಹಾರ್ಡ್‌ವೇರ್ ಅಂಗಡಿ, ಅದನ್ನೆಲ್ಲ ಯಾಕ್ ಹಾಕ್ಲಿ ಮಾಮ, ಅಂಗಡಿ ಕೆಲ್ಸ ತಾನೆ.

ಅಲ್ಲೇ ಕೇಳ್ತಾ ಹೋದೆ. ದಿನಕ್ಕೆ ಎಷ್ಟು ಬಿಲ್ಲು? ನೂರು ನೂರಿಪ್ಪತ್ತು. ರಾತ್ರಿ ಲೆಕ್ಕ ತಾಳೆ ನೋಡೋರ್ಯಾರು? ನಾನೇ. ಜಿಎಸ್‌ಟಿ? ತಿಂಗ್ಳು ತಿಂಗ್ಳು ಸೇಲ್ಸ್ ಲಿಸ್ಟ್ ರೆಡಿ ಮಾಡಿ 11ನೇ ತಾರೀಖಿಗೆ ಮುಂಚೆ ಆಡಿಟರಿಗೆ ಕೊಡ್ತಿದ್ದೆ. ಉದ್ರಿ? ಅದಕ್ಕೊಂದು ಶೀಟ್ ಮಾಡಿದ್ದೆ ಮಾಮ, ಮೂವತ್ತು ದಿನ ದಾಟಿದ್ರೆ ಕೆಂಪು ಬಣ್ಣ ಬರೋ ಥರ, ಚಿಕ್ಕಪ್ಪ ಅದನ್ನ ನೋಡಿ ಫೋನ್ ಮಾಡ್ತಿದ್ರು. ನೋಡಿ, ಅಕೌಂಟ್ಸ್ ಪೋಸ್ಟಿಗೆ ಬೇಕಾಗಿರೋದು ಪೂರ್ತಿ ಅಲ್ಲೇ ಇದೆ, ಅವನಿಗೆ ಅದು ಕೆಲ್ಸ ಅಂತಾನೇ ಅನ್ಸಿಲ್ಲ. ರೆಸ್ಯೂಮೆ ಇಂಗ್ಲಿಷಲ್ಲೇ ಇರತ್ತೆ, ಆದ್ರೆ ಸಾಲಿನ ಲೆಕ್ಕ ಇದು: ಅಕೌಂಟ್ಸ್ ನೋಡ್ಕೋತಿದ್ದೆ ಅಂತ ಬರೆಯೋ ಬದ್ಲು, ದಿನಕ್ಕೆ ಸುಮಾರು 120 ಬಿಲ್ ಟ್ಯಾಲಿಯಲ್ಲಿ ಎಂಟ್ರಿ, ಪ್ರತಿ ರಾತ್ರಿ ಕ್ಯಾಷ್ ತಾಳೆ, ತಿಂಗಳ ಜಿಎಸ್‌ಟಿಆರ್-1ಗೆ (ಮಾರಾಟದ ವಿವರ ಕೊಡೋ ಜಿಎಸ್‌ಟಿ ಫಾರ್ಮು) ಸೇಲ್ಸ್ ಲಿಸ್ಟ್ ತಯಾರಿ, ಬಾಕಿ ವಸೂಲಿಗೆ ಎಕ್ಸೆಲ್ ಶೀಟ್. ಏನು ಮಾಡಿದ್ರಿ, ಎಷ್ಟು ಮಾಡಿದ್ರಿ, ಅದ್ರಿಂದ ಯಾರಿಗೆ ಏನ್ ಉಪಯೋಗ ಆಯ್ತು. ನಂಬರ್ ಗೊತ್ತಿಲ್ದೆ ಇದ್ರೆ ಹುಟ್ಟಿಸ್ಬೇಡಿ, ಕೂತು ಲೆಕ್ಕ ಹಾಕಿ ಅಂದಾಜು ಹಾಕಿ, ಕೇಳಿದ್ರೆ ಹೆಂಗ್ ಲೆಕ್ಕ ಹಾಕಿದ್ರಿ ಅಂತ ಹೇಳೋ ಹಂಗಿರ್ಲಿ.

ಇನ್ನು ಫಾರ್ಮ್ಯಾಟು. ಫ್ರೆಶರ್ ಆದ್ರೆ ಒಂದು ಪೇಜು, ಹತ್ತು ವರ್ಷ ಆಗಿದ್ರೂ ಎರಡು ಪೇಜ್ ದಾಟ್ಬೇಡಿ. ಎರಡು ಕಾಲಂ, ಫೋಟೋ, ಪೈಥಾನ್ ಶೇಕಡ 80 ಅಂತ ನೀಲಿ ಬಣ್ಣದ ಪಟ್ಟಿ, ಇವೆಲ್ಲ ಚಂದ ಕಾಣತ್ತೆ ಆದ್ರೆ ಕೆಲಸಕ್ಕೆ ಬರಲ್ಲ (80 ಅಂದ್ರೆ ಯಾರು ಅಳೆದಿದ್ದು ಸ್ವಾಮಿ?). ಎಟಿಎಸ್ ಅನ್ನೋ ಸಾಫ್ಟ್‌ವೇರ್ ಬಗ್ಗೆ ಸುಮಾರು ಕಥೆ ಕಟ್ಟಿದಾರೆ, ಅದು ನಿಮ್ಮ ರೆಸ್ಯೂಮೆನ ತಾನೇ ಓದಿ ಬಿಸಾಕೋ ರಾಕ್ಷಸ ಏನಲ್ಲ, ಬಹಳ ಕಡೆ ಅದು ರೆಸ್ಯೂಮೆಗಳನ್ನ ತುಂಬಿಡೋ ಗೋಡೌನು, ಎಚ್‌ಆರ್ ಅದ್ರಲ್ಲಿ ಹುಡುಕ್ತಾರೆ. ಹುಡುಕಿದಾಗ ನಿಮ್ದು ಸಿಗ್ಬೇಕು ಅಷ್ಟೆ. ಟೆಸ್ಟ್ ಸುಲಭ ಇದೆ: ಪಿಡಿಎಫ್ ಓಪನ್ ಮಾಡಿ ಎಲ್ಲಾ ಸೆಲೆಕ್ಟ್ ಮಾಡಿ ನೋಟ್‌ಪ್ಯಾಡಲ್ಲಿ ಪೇಸ್ಟ್ ಮಾಡಿ, ಸಾಲು ಸಾಲಾಗಿ ಸರಿಯಾಗಿ ಬಂದ್ರೆ ಮೆಷಿನಿಗೂ ಓದೋಕೆ ಬರತ್ತೆ, ಅಕ್ಷರ ಚೆಲ್ಲಾಪಿಲ್ಲಿ ಆದ್ರೆ ಟೆಂಪ್ಲೇಟ್ ಬಿಸಾಕಿ. ಜೆಡೀಲಿ ಅಕೌಂಟ್ಸ್ ರಿಸೀವಬಲ್ (ಬಾಕಿ ವಸೂಲಿ) ಅಂತಿದ್ರೆ ನೀವೂ ಅದೇ ಪದ ಹಾಕಿ, ನೀವು ಮಾಡಿದ್ರೆ ಮಾತ್ರ. ಬಿಳೀ ಬಣ್ಣದಲ್ಲಿ ಕೀವರ್ಡ್ ಬಚ್ಚಿಡೋ ಟ್ರಿಕ್ ಯಾರಾದ್ರೂ ಹೇಳ್ಕೊಟ್ಟಿದ್ರೆ ಮರೆತುಬಿಡಿ, ನೋಟ್‌ಪ್ಯಾಡ್ ಟೆಸ್ಟ್ ನಮಗೂ ಗೊತ್ತು.

ಆಧಾರ್ ನಂಬರು, ಅಪ್ಪನ ಹೆಸ್ರು, ಜಾತಿ ಧರ್ಮ, ಮನೆ ಪೂರ್ತಿ ಅಡ್ರೆಸ್ಸು ಯಾವ್ದೂ ಬೇಡ. ಏರಿಯಾ ಹೆಸ್ರು ಸಾಕು, ಅದು ಈ ಊರಲ್ಲಿ ಉಪಯೋಗಕ್ಕೆ ಬರತ್ತೆ, ಯಾಕಂದ್ರೆ ಕೆಂಗೇರಿಯವರು ದಿನಾ ಊರಿನ ಇನ್ನೊಂದು ತುದೀಲಿರೋ ಮಾನ್ಯತಾ ಟೆಕ್ ಪಾರ್ಕಿಗೆ ಬರ್ತಾರಾ ಅನ್ನೋ ಅನುಮಾನ ಎಲ್ಲಾ ಎಚ್‌ಆರಿಗೂ ಇರತ್ತೆ. ಫೈಲಿಗೆ ನಿಮ್ಮ ಹೆಸ್ರು, ಪೋಸ್ಟಿನ ಹೆಸ್ರು ಇಡಿ. ನ್ಯೂ ರೆಸ್ಯೂಮೆ ಫೈನಲ್ 3 ಅಂತ ಬರೋ ಫೈಲುಗಳು ನನ್ನ ಡೌನ್‌ಲೋಡ್ಸ್ ಫೋಲ್ಡರಲ್ಲಿ ಒಂದು ಡಜನ್ ಇವೆ, ಯಾರದ್ದು ಯಾವ್ದು ಅಂತ ದೇವ್ರಿಗೇ ಗೊತ್ತು.

ಮಧ್ಯ ಗ್ಯಾಪ್ ಇದ್ರೆ ಒಂದು ಸಾಲಲ್ಲಿ ಹೇಳಿ, ಅಮ್ಮನ ಆಪರೇಷನ್, ಕೆಎಎಸ್‌ಗೆ ಓದ್ತಿದ್ದೆ, ಮಗು ಆಯ್ತು, ಏನಿದ್ರೂ. ಬಚ್ಚಿಟ್ರೆ ಅದೇ ದೊಡ್ಡದಾಗಿ ಕಾಣತ್ತೆ.

ಇನ್ನೊಂದು, ಕನ್ನಡ. ಭಾಷೆ ಅನ್ನೋ ಕಡೆ ಕಾಟಾಚಾರಕ್ಕೆ ಇಂಗ್ಲಿಷ್, ಕನ್ನಡ, ಹಿಂದಿ ಅಂತ ಬರ್ದು ಬಿಡ್ತೀವಿ. ಆದ್ರೆ ಬ್ಯಾಂಕು, ಇನ್ಶೂರೆನ್ಸು, ಆಸ್ಪತ್ರೆ, ಡೆಲಿವರಿ ಕಂಪ್ನಿ, ಫೀಲ್ಡ್ ಸೇಲ್ಸು, ಆಪ್‌ಗಳನ್ನ ಕನ್ನಡಕ್ಕೆ ತರೋ ಕೆಲ್ಸ, ಇಲ್ಲೆಲ್ಲ ಕನ್ನಡ ಚೆನ್ನಾಗಿ ಬರೋರಿಗೆ ನಿಜಕ್ಕೂ ಬೇಡಿಕೆ ಇದೆ. ಮಾತಾಡ್ತೀನಿ ಅಷ್ಟೇ ಅಲ್ಲ, ಓದಿ ಬರೀತೀನಿ, ಯೂನಿಕೋಡಲ್ಲಿ ಟೈಪ್ ಮಾಡ್ತೀನಿ, ಹುಬ್ಬಳ್ಳಿ ಕಸ್ಟಮರ್ ಹತ್ರಾನೂ ಮಂಗ್ಳೂರು ಕಸ್ಟಮರ್ ಹತ್ರಾನೂ ಮಾತಾಡಿ ಅಭ್ಯಾಸ ಇದೆ ಅಂತ ಹಾಕಿ. ಇಲ್ಲೇ ಹುಟ್ಟಿ ಬೆಳೆದಿದ್ದೂ ಒಂದು ಸ್ಕಿಲ್ಲೇ.

ನೌಕ್ರಿ, ಲಿಂಕ್ಡ್‌ಇನ್

ಇದು ಬೇಗ ಮುಗಿಯೋ ವಿಷಯ. ನೌಕ್ರೀಲಿ ಎಚ್‌ಆರ್ ಹುಡುಕೋವಾಗ ಇತ್ತೀಚೆಗೆ ಆಕ್ಟಿವ್ ಇದ್ದೋರನ್ನ ಮಾತ್ರ ತೋರ್ಸು ಅಂತ ಫಿಲ್ಟರ್ ಹಾಕ್ತಾರೆ, ಹಂಗಾಗಿ ವಾರಕ್ಕೆರಡು ಸಲ ಲಾಗಿನ್ ಆಗಿ ಏನಾದ್ರೂ ಒಂದು ಅಪ್‌ಡೇಟ್ ಮಾಡಿ. ನೋಟಿಸ್ ಪೀರಿಯಡ್ ಕಾಲಂ ಸರಿಯಾಗಿ ತುಂಬಿ. ಬಹಳ ಕಂಪ್ನೀಲಿ 90 ದಿನ ಇರತ್ತೆ, ಆಗ್ಲೇ ರಿಸೈನ್ ಮಾಡಿದ್ರೆ ಕೊನೇ ದಿನ ಯಾವತ್ತು ಅಂತ ತಾರೀಖು ಹಾಕಿ, ಅದೊಂದಕ್ಕೇ ಫೋನ್ ಬರತ್ತೆ. ಲಿಂಕ್ಡ್‌ಇನ್ ಹೆಡ್‌ಲೈನಲ್ಲಿ ಕೆಲ್ಸ ಹುಡುಕ್ತಿದೀನಿ ಅಂತ ಹಾಕೋ ಬದ್ಲು ಏನ್ ಕೆಲ್ಸ ಬರತ್ತೆ ಅಂತ ಹಾಕಿ. ಈಗಿನ ಆಫೀಸಿಗೆ ಗೊತ್ತಾಗ್ಬಾರ್ದು ಅಂದ್ರೆ ಓಪನ್ ಟು ವರ್ಕ್ ಅನ್ನೋದನ್ನ ರಿಕ್ರೂಟರ್ಸಿಗೆ ಮಾತ್ರ ಅಂತ ಇಡೋ ಸೆಟ್ಟಿಂಗ್ ಇದೆ. ಯಾರದ್ದೋ ಹೈರಿಂಗ್ ಪೋಸ್ಟ್ ಕೆಳಗೆ ಇಂಟರೆಸ್ಟೆಡ್ ಸರ್ ಅಂತ ಎಂಟುನೂರನೇ ಕಮೆಂಟ್ ಹಾಕೋದ್ರಿಂದ ಆ ಪೋಸ್ಟ್ ಹಾಕಿದೋನಿಗೆ ಲೈಕ್ಸ್ ಬರತ್ತೆ, ನಿಮಗೇನೂ ಬರಲ್ಲ.

ರೆಫರಲ್ ಕೇಳೋಕೆ ನಾಚ್ಕೋಬೇಡಿ, ಆದ್ರೆ ಸರಿಯಾಗಿ ಕೇಳಿ

ರೆಫರಲ್ ಅಂದ್ರೆ ಕಂಪ್ನಿ ಒಳಗಿರೋರು ನಿಮ್ಮ ಹೆಸ್ರನ್ನ ಅಲ್ಲಿ ಮುಂದಿಡೋದು. ನಮ್ಮೋರು ಇಲ್ಲಿ ಎರಡು ಥರ. ಒಂದೋ ಕೇಳೋದೇ ಇಲ್ಲ, ಅವರಿಗೆ ತೊಂದ್ರೆ ಯಾಕೆ ಅಂತ. ಇಲ್ಲಾಂದ್ರೆ ರಾತ್ರಿ ಹನ್ನೊಂದಕ್ಕೆ ಹಾಯ್ ಸರ್, ಎನಿ ಓಪನಿಂಗ್ಸ್ ಅಂತ ಮೆಸೇಜ್ ಹಾಕಿ ಬೆಳಿಗ್ಗೆ ಪ್ರಶ್ನಾರ್ಥಕ ಚಿಹ್ನೆ ಕಳ್ಸೋದು. ಮೊದಲನೇದಾಗಿ ಇದು ಭಿಕ್ಷೆ ಅಲ್ಲ, ಸುಮಾರು ಕಂಪ್ನೀಲಿ ರೆಫರ್ ಆದವರು ಸೆಲೆಕ್ಟ್ ಆದ್ರೆ ರೆಫರ್ ಮಾಡಿದೋನಿಗೆ ಬೋನಸ್ ಕೊಡ್ತಾರೆ, ಅವನಿಗೂ ಲಾಭಾನೇ. ಆದ್ರೆ ಅವನ ಹೆಸ್ರೂ ಅದ್ರ ಜೊತೆ ಹೋಗತ್ತೆ, ಅದಕ್ಕೇ ಯೋಚ್ನೆ ಮಾಡ್ತಾನೆ. ಅವನ ಕೆಲ್ಸ ಸುಲಭ ಮಾಡಿ. ನಂಗೆ ಬಂದ ಒಂದು ಮೆಸೇಜ್ ಹೆಚ್ಚುಕಮ್ಮಿ ಹಿಂಗಿತ್ತು:

ಸರ್ ನಮಸ್ಕಾರ, ನಾನು ನಿಮ್ಮ ಕಾಲೇಜಲ್ಲೇ ನಿಮಗಿಂತ ಐದು ವರ್ಷ ಕೆಳಗೆ ಓದಿದ್ದು, ಪರಿಚಯ ಇಲ್ಲ. ನಿಮ್ಮ ಕಂಪ್ನೀಲಿ ಟೆಸ್ಟಿಂಗ್ ಪೋಸ್ಟ್ ನೋಡ್ದೆ, ಜಾಬ್ ಐಡಿ ಇದು. ಎರಡು ವರ್ಷದಿಂದ ಪೇಮೆಂಟ್ ಆಪ್ ಟೆಸ್ಟಿಂಗ್ ಮಾಡ್ತಿದೀನಿ, ಜೆಡೀಲಿ ಕೇಳಿರೋದ್ರಲ್ಲಿ ಆಟೊಮೇಷನ್ ಮಾತ್ರ ಈಗ ಕಲೀತಿದೀನಿ, ಉಳಿದಿದ್ದು ಮಾಡಿದೀನಿ. ರೆಸ್ಯೂಮೆ ಕಳಿಸಿದೀನಿ. ನೋಡಿ ಸರಿ ಅನ್ಸಿದ್ರೆ ಮಾತ್ರ ರೆಫರ್ ಮಾಡಿ, ಇಲ್ಲಾಂದ್ರೂ ಬೇಜಾರಿಲ್ಲ ಸರ್.

ಎರಡು ನಿಮಿಷದ ಕೆಲ್ಸ, ಮಾಡ್ಬಿಟ್ಟೆ. ಗೊತ್ತಿಲ್ದೆ ಇರೋದನ್ನ ಅವನೇ ಹೇಳ್ಬಿಟ್ಟಿದ್ದ, ಅದೇ ನಂಬಿಕೆ ಬರೋ ಹಂಗೆ ಮಾಡಿದ್ದು. ಒಂದು ಎಚ್ಚರಿಕೆ, ಮೊದ್ಲೇ ನೀವು ವೆಬ್‌ಸೈಟಲ್ಲಿ ಹಾಕ್ಬಿಟ್ಟಿದ್ರೆ ಎಷ್ಟೋ ಕಡೆ ಆಮೇಲೆ ರೆಫರಲ್ ತಗೊಳಲ್ಲ, ಹಂಗಾಗಿ ಮೊದ್ಲು ಕೇಳಿ, ಎರಡು ಮೂರು ದಿನ ಉತ್ತರ ಬರ್ದೆ ಇದ್ರೆ ಆಮೇಲೆ ನೀವೇ ಹಾಕಿ. ಊರಿನೋರು ಅನ್ನೋದು ಬಾಗಿಲು ತೆಗೆಯೋ ತನಕ, ಒಳಗಡೆ ನಿಮ್ಮ ಕೆಲ್ಸಾನೇ ಮಾತಾಡ್ಬೇಕು.

ಕೈಯಲ್ಲಿ ಒಂದು ಸಣ್ಣ ಕೆಲ್ಸ ಇಟ್ಕೊಂಡು ಹೋಗಿ

ಇಡೀ ಲೇಖನದಲ್ಲಿ ಒಂದೇ ಒಂದು ನೆನಪಿಟ್ಕೊಳ್ತೀನಿ ಅಂದ್ರೆ ಇದನ್ನ ಇಟ್ಕೊಳಿ. ನಮ್ಮಂಥೋರಿಗೆ ಇರೋ ದೊಡ್ಡ ಭಯ ಏನಂದ್ರೆ, ತಗೊಂಡ್ಮೇಲೆ ಇವ್ರಿಗೆ ಕೆಲ್ಸ ಬರ್ದೆ ಇದ್ರೆ? ಆ ಭಯ ಕಮ್ಮಿ ಮಾಡೋ ಯಾವುದೇ ಒಂದು ತುಂಡು ಸಾಕು. ಮೇಲೆ ಹೇಳಿದ ಹುಡುಗಿಯ ರಿವ್ಯೂ ಶೀಟ್ ಮಾಡೋಕೆ ಅವಳಿಗೆ ಹಿಡಿದಿದ್ದು ಒಂದು ಶನಿವಾರ ಅಂತೆ, ಆಮೇಲೆ ಕೇಳ್ದೆ.

ಅಕೌಂಟ್ಸ್ ಕಡೆ ಹೋಗೋರು, ಒಂದು ಡಮ್ಮಿ ಪರ್ಚೇಸ್ ರಿಜಿಸ್ಟರ್ ಮಾಡಿ, ಅದನ್ನ ಜಿಎಸ್‌ಟಿಆರ್-2ಬಿ (ಸಪ್ಲೈಯರುಗಳು ಅಪ್‌ಲೋಡ್ ಮಾಡಿರೋ ಬಿಲ್ಲುಗಳ ಪಟ್ಟಿ) ಥರದ್ದೊಂದು ಲಿಸ್ಟ್ ಜೊತೆ ತಾಳೆ ನೋಡಿ, ಯಾವ ಬಿಲ್ ಸಪ್ಲೈಯರ್ ಅಪ್‌ಲೋಡ್ ಮಾಡಿಲ್ಲ, ಎಲ್ಲಿ ಮೊತ್ತ ಬೇರೆ ಇದೆ ಅಂತ ತೋರ್ಸೋ ಶೀಟ್ ಮಾಡಿ. ಪ್ರತಿ ತಿಂಗ್ಳು 14ನೇ ತಾರೀಖು 2ಬಿ ಬಂದ್ಮೇಲೆ 20ನೇ ತಾರೀಖು 3ಬಿ, ಅಂದ್ರೆ ತಿಂಗಳ ಜಿಎಸ್‌ಟಿ ರಿಟರ್ನ್, ಕಟ್ಟೋ ತನಕ ಅಕೌಂಟ್ಸ್ ಟೀಮ್ ತಲೆ ಕೆಡಿಸ್ಕೊಳೋದು ಇದಕ್ಕೇ, ಅದು ಬರತ್ತೆ ಅಂತ ತೋರ್ಸಿದ್ರೆ ಮ್ಯಾನೇಜರ್ ಕಣ್ಣು ಅರಳತ್ತೆ. ನಮ್ಮ ಹುಡ್ಗ ಮಾಡಿದ್ದು ಅದನ್ನೇ, ಚಿಕ್ಕಪ್ಪನ ಅಂಗಡಿ ಲೆಕ್ಕದ ಹೆಸ್ರು ನಂಬರ್ ಎಲ್ಲಾ ಬದಲಾಯಿಸಿ. ಬದಲಾಯಿಸೋದು ಮುಖ್ಯ, ಹಳೇ ಕಂಪ್ನಿಯ ನಿಜವಾದ ಡೇಟಾ ತಂದು ತೋರ್ಸಿದ್ರೆ ನಾಳೆ ನಮ್ದೂ ಹಿಂಗೇ ಹೊರಗೆ ಹೋಗತ್ತೆ ಅಂತ ಅವತ್ತೇ ಬಾಗಿಲು ಮುಚ್ಚತ್ತೆ.

ಕೋಡಿಂಗ್ ಹುಡುಗ್ರು ಗಿಟ್‌ಹಬ್ಬಲ್ಲಿ ಯೂಟ್ಯೂಬ್ ನೋಡಿ ಮಾಡಿದ ಹದಿನೈದು ಪ್ರಾಜೆಕ್ಟ್ ತುಂಬೋ ಬದ್ಲು ಒಂದೇ ಒಂದು ಇಡಿ, ನಿಮ್ಮ ಸ್ವಂತ ತಲೆನೋವಿಗೆ ಮಾಡಿದ್ದು, ಪಿಜಿ ಊಟದ ಲೆಕ್ಕ ಹಂಚೋದಾದ್ರೂ ಸರಿ, ಹೆಂಗ್ ಓಡ್ಸೋದು ಅಂತ ರೀಡ್‌ಮೀ ಬರ್ದಿರ್ಲಿ, ಓಪನ್ ಮಾಡಿದ್ರೆ ಓಡ್ಬೇಕು. ಸೇಲ್ಸಿಗೆ ಹೋಗೋರು ಆ ಕಂಪ್ನಿ ಸಾಮಾನು ಇಟ್ಟಿರೋ ನಾಲ್ಕು ಅಂಗ್ಡಿಗೆ ಹೋಗಿ ಮಾತಾಡಿಸ್ಕೊಂಡು ಬನ್ನಿ. ಮಲ್ಲೇಶ್ವರದ ಅಂಗಡಿಯೋರು ಮಾರ್ಜಿನ್ ಕಮ್ಮಿ ಅಂತಾರೆ, ಯಶವಂತಪುರದೋರು ಸ್ಟಾಕ್ ಟೈಮಿಗೆ ಬರಲ್ಲ ಅಂತಾರೆ ಅಂತ ಇಂಟರ್‌ವ್ಯೂಲಿ ಹೇಳಿ ನೋಡಿ, ಎದುರಿಗೆ ಕೂತೋರು ನೋಟ್ ಮಾಡ್ಕೋತಾರೆ.

ಇದರ ಇನ್ನೊಂದು ಮುಖಾನೂ ಹೇಳ್ಬೇಕು. ನೀವಾಗಿ ಒಂದು ದಿನ ಮಾಡೋದು ಬೇರೆ, ಕಂಪ್ನಿಯೋರು ಅಸೈನ್‌ಮೆಂಟ್ ಅಂತ ಒಂದು ವಾರದ ಕೆಲ್ಸ ಪುಕ್ಕಟೆ ಮಾಡ್ಸೋದು ಬೇರೆ. ಮೂರ್ನಾಲ್ಕು ಗಂಟೇಲಿ ಮುಗಿಯೋದಾದ್ರೆ ಮಾಡಿ. ಜಾಸ್ತಿ ಆದ್ರೆ, ಇಷ್ಟು ಭಾಗ ಮಾಡಿದೀನಿ, ಉಳಿದಿದ್ದು ಹೆಂಗ್ ಮಾಡ್ತೀನಿ ಅಂತ ಕೂತು ವಿವರಿಸ್ತೀನಿ ಅಂತ ಮರ್ಯಾದೆಯಿಂದ ಹೇಳಿ.

ಮತ್ತೆ ಚಾಟ್‌ಜಿಪಿಟಿ. ಕವರ್ ಲೆಟರ್ ಅದ್ರಲ್ಲಿ ಬರೆಸ್ಬೇಡಿ, ಎಲ್ಲರೂ ಬರೆಸ್ತಿದಾರೆ, ಅದಕ್ಕೇ ನಮಗೆ ಬರೋ ನೂರು ಪತ್ರದಲ್ಲೂ ಒಬ್ಬರೇ ಮಾತಾಡಿದಂಗೆ ಕೇಳತ್ತೆ. ಜೆಡಿ ಪೇಸ್ಟ್ ಮಾಡಿ, ಈ ಪೋಸ್ಟಿಗೆ ನಂಗೆ ಹತ್ತು ಕಷ್ಟದ ಪ್ರಶ್ನೆ ಕೇಳು ಅನ್ನಿ, ಅದಕ್ಕೆ ಬಹಳ ಚೆನ್ನಾಗಿದೆ. ಸ್ಪೆಲಿಂಗ್ ನೋಡಿಸಿ. ಸಾಕು.

ಫೋನ್ ಬಂತು, ಈಗ?

ಗೊತ್ತಿಲ್ದೆ ಇರೋ ನಂಬರ್ ಅಂತ ಕಟ್ ಮಾಡ್ಬೇಡಿ, ಕೆಲ್ಸ ಹುಡ್ಕೋ ದಿನಗಳಲ್ಲಿ ಲೋನ್ ಕೊಡೋರ ಫೋನೂ ಎತ್ಲೇಬೇಕು, ವಿಧಿಯಿಲ್ಲ. ಬಸ್ಸಲ್ಲಿ ಮೆಟ್ರೋಲಿ ಇದ್ರೆ ಗಲಾಟೇಲಿ ಕಿರುಚೋ ಬದ್ಲು, ಮೇಡಂ ಮೆಟ್ರೋಲಿದೀನಿ, ಅರ್ಧ ಗಂಟೆ ಬಿಟ್ಟು ನಾನೇ ಮಾಡ್ಲಾ ಅನ್ನಿ, ಯಾರೂ ಬೇಡ ಅನ್ನಲ್ಲ. ಇಳಿದು ಶೀಟ್ ತೆಗ್ದು ಜೆಡಿ ನೋಡಿ ಮಾಡಿ.

ಇಂಗ್ಲಿಷ್ ವಿಷಯ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ ನಾನು, ಮೊದಲ ಇಂಟರ್‌ವ್ಯೂಗಳಲ್ಲಿ ತಲೇಲಿ ಕನ್ನಡದಲ್ಲಿ ಕಟ್ಟಿ ಇಂಗ್ಲಿಷಿಗೆ ತಿರುಗಿಸೋಷ್ಟರಲ್ಲಿ ಅವರು ಮುಂದಿನ ಪ್ರಶ್ನೆಗೆ ಹೋಗಿರ್ತಿದ್ರು. ನಂಗೆ ಕೆಲ್ಸ ಮಾಡಿದ ಉಪಾಯ ಒಂದೇ, ಫೋನಲ್ಲಿ ರೆಕಾರ್ಡ್ ಮಾಡ್ಕೊಳೋದು. ನಿಮ್ಮ ಬಗ್ಗೆ ಹೇಳಿ ಅನ್ನೋದಕ್ಕೆ ಒಂದೂವರೆ ನಿಮಿಷ ಮಾತಾಡಿ ರೆಕಾರ್ಡ್ ಮಾಡಿ ಕೇಳಿ, ನಾಚಿಕೆ ಆಗತ್ತೆ, ಮತ್ತೆ ಮಾಡಿ. ಹತ್ತು ಸಲ ಆದ್ಮೇಲೆ ಬಾಯಿ ತಿರುಗತ್ತೆ. ಮೈಸೆಲ್ಫ್ ಅಂತ ಶುರು ಮಾಡೋದು ಬಿಡಿ. ಊರು, ಶಾಲೆ, ಮನೇಲಿ ಎಷ್ಟು ಜನ ಅನ್ನೋದೆಲ್ಲ ಬೇಡ, ಈಗ ಏನ್ ಮಾಡ್ತಿದೀರ, ಅದ್ರಲ್ಲಿ ಹೇಳ್ಕೊಳೋ ಅಂಥದ್ದು ಒಂದು, ಈ ಪೋಸ್ಟ್ ಯಾಕೆ, ಇಷ್ಟೆ. ಸಣ್ಣ ವಾಕ್ಯ ಹೇಳಿ. ಗ್ರಾಮರ್ ತಪ್ಪಿಗೆ ಯಾರೂ ರಿಜೆಕ್ಟ್ ಮಾಡಲ್ಲ ಅಂತ ಸುಳ್ಳು ಹೇಳಲ್ಲ, ಕೆಲವರು ಮಾಡ್ತಾರೆ, ಆದ್ರೆ ವಿಷಯ ಅರ್ಥ ಆಗೋ ಹಂಗೆ ನಿಧಾನವಾಗಿ ಹೇಳೋನು, ಪಟಪಟ ಅಂತ ಏನೂ ಹೇಳ್ದೆ ಇರೋನಿಗಿಂತ ಮುಂದೆ ಹೋಗಿದ್ದನ್ನ ನಾನು ಬಹಳ ಸಲ ನೋಡಿದೀನಿ.

ಮೂರು ಘಟನೆ ರೆಡಿ ಇಟ್ಕೊಳಿ. ಒಂದು ಸಮಸ್ಯೆ ಬಗೆಹರಿಸಿದ್ದು, ಒಂದು ನೀವು ತಪ್ಪು ಮಾಡಿ ಸರಿ ಮಾಡಿದ್ದು, ಒಂದು ಜೊತೆ ಕೆಲ್ಸ ಮಾಡೋರ ಜೊತೆ ಜಟಾಪಟಿ ಆಗಿದ್ದು. ಕೇಳೋ ಪ್ರಶ್ನೆ ಹತ್ತು ಥರ ಇರ್ಬೋದು, ಈ ಮೂರರಲ್ಲೇ ತಿರುಗಿಸಿ ಉತ್ತರ ಕೊಡಬಹುದು. ಗೊತ್ತಿಲ್ದೆ ಇದ್ರೆ ಗೊತ್ತಿಲ್ಲ ಅನ್ನಿ, ಅಲ್ಲಿಗೇ ನಿಲ್ಲಿಸ್ಬೇಡಿ, ಇದನ್ನ ಮಾಡಿಲ್ಲ, ಮಾಡ್ಬೇಕಾಗಿ ಬಂದ್ರೆ ಮೊದ್ಲು ಇಲ್ಲಿಂದ ನೋಡ್ತೀನಿ ಅಂತ ಒಂದು ಹೆಜ್ಜೆ ತೋರ್ಸಿ. ಕೊನೇಲಿ ಏನಾದ್ರೂ ಕೇಳೋದಿದ್ಯಾ ಅಂದಾಗ ಇಲ್ಲ ಸರ್ ಅನ್ನೋರೇ ಜಾಸ್ತಿ. ಈ ಪೋಸ್ಟಿಗೆ ಬರೋರು ಮೊದಲ ಮೂರು ತಿಂಗಳಲ್ಲಿ ಏನ್ ಮಾಡಿದ್ರೆ ನಿಮಗೆ ನಿರಾಳ ಆಗತ್ತೆ ಅಂತ ಕೇಳಿ, ಆ ಉತ್ತರದಲ್ಲಿ ಟೀಮಿನ ಜಾತಕಾನೇ ಗೊತ್ತಾಗತ್ತೆ.

ವಿಡಿಯೋ ಇಂಟರ್‌ವ್ಯೂ ಆದ್ರೆ ಪಿಜಿ ವೈಫೈ ನಂಬ್ಬೇಡಿ, ಫೋನ್ ಹಾಟ್‌ಸ್ಪಾಟ್ ರೆಡಿ ಇರ್ಲಿ, ರೂಮ್‌ಮೇಟ್‌ಗೆ ಹೇಳಿರಿ, ಒಬ್ಬ ಕ್ಯಾಂಡಿಡೇಟ್ ಹಿಂದುಗಡೆ ಟವೆಲ್ ಸುತ್ಕೊಂಡು ಒಬ್ಬ ಹಾದು ಹೋದ, ಪಾಪ ಅವನ ಮುಖ ಇನ್ನೂ ಮರ್ತಿಲ್ಲ. ಪಕ್ಕದಲ್ಲಿ ಎಐ ಉತ್ತರ ಓಪನ್ ಇಟ್ಕೊಂಡು ಓದೋದು ಕಣ್ಣಲ್ಲೇ ಗೊತ್ತಾಗತ್ತೆ, ಕನ್ನಡಕ ಇದ್ರೆ ಗಾಜಲ್ಲೂ ಕಾಣತ್ತೆ.

ನೇರ ಹೋಗೋದಾದ್ರೆ ರಸ್ತೆ ನಂಬ್ಬೇಡಿ. ವೈಟ್‌ಫೀಲ್ಡ್ ಕಡೆ ಮೆಟ್ರೋ ನೇರಳೆ ಲೈನ್ 2023ರಿಂದ ಚಲ್ಲಘಟ್ಟದ ತನಕ ಪೂರ್ತಿ ಇದೆ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟಿಂದ ಆರ್‌ವಿ ರೋಡಿಂದ ಹಳದಿ ಲೈನ್ ಬಂದಿದೆ. ಔಟರ್ ರಿಂಗ್ ರೋಡ್ ಆದ್ರೆ ಒಂದು ಗಂಟೆ ಮುಂಚೆ ಹೋಗಿ ಅಲ್ಲೇ ಎಲ್ಲಾದ್ರೂ ಟೀ ಕುಡೀರಿ. ಟೆಕ್ ಪಾರ್ಕ್ ಗೇಟಲ್ಲಿ ಐಡಿ ತೋರ್ಸಿ ಎಂಟ್ರಿ ಮಾಡ್ಸಿ ಬ್ಲಾಕ್ ಹುಡುಕ್ಕೊಂಡು ಹೋಗೋಕೇ ಇಪ್ಪತ್ತು ನಿಮಿಷ ಹೋಗತ್ತೆ.

ಅವತ್ತು ಸಾಯಂಕಾಲಾನೇ ನಾಲ್ಕು ಸಾಲು ಮೇಲ್ ಹಾಕಿ, ಥ್ಯಾಂಕ್ಸ್ ಜೊತೆ ಅಲ್ಲಿ ಮಾತಾಡಿದ ಯಾವುದಾದ್ರೂ ಒಂದು ವಿಷಯ ಇರ್ಲಿ. ಒಂದು ವಾರ ಆದ್ಮೇಲೆ ಒಂದು ಸಲ ಕೇಳಿ. ಆಮೇಲೂ ಸುದ್ದಿ ಇಲ್ಲಾಂದ್ರೆ ಶೀಟಲ್ಲಿ ಬೂದು ಬಣ್ಣ ಹಾಕಿ ಮುಂದಕ್ಕೆ ಹೋಗಿ. ಉತ್ತರಾನೇ ಕೊಡ್ದೆ ಇರೋದು ನಮ್ಮ ಕಡೆಯ ಕೆಟ್ಟ ಚಾಳಿ, ಅದಕ್ಕೆ ನೀವು ಕುಗ್ಬೇಡಿ.

ಸಂಬ್ಳದ ಮಾತು

ಆರು ಲಕ್ಷ ಸಿಟಿಸಿ (ವರ್ಷಕ್ಕೆ ಕಂಪ್ನಿ ನಿಮ್ಮ ಮೇಲೆ ಮಾಡೋ ಒಟ್ಟು ಖರ್ಚು) ಅಂದ್ರೆ ತಿಂಗಳಿಗೆ ಐವತ್ತು ಸಾವಿರ ಅಂತ ಮನೇಲಿ ಹೇಳ್ಬಿಡ್ಬೇಡಿ. ಲೆಕ್ಕ ನೋಡಿ: ಶೇಕಡ 10 ವೇರಿಯಬಲ್ (ಕೆಲ್ಸ ನೋಡಿ ಆಮೇಲೆ ಕೊಡೋ ಭಾಗ) ಅಂದ್ರೆ 60,000 ಪಕ್ಕಕ್ಕೆ. ಬೇಸಿಕ್ (ಮೂಲ ಸಂಬ್ಳ) ಅರ್ಧ, 3 ಲಕ್ಷ ಅಂತಿಟ್ಕೊಂಡ್ರೆ ಅದರ ಶೇಕಡ 12, ಅಂದ್ರೆ 36,000 ಕಂಪ್ನಿ ಕಡೆಯ ಪಿಎಫ್, ಅದೂ ಸಿಟಿಸಿ ಒಳಗೇ. ಗ್ರಾಚ್ಯುಟಿ (ವರ್ಷಗಟ್ಟಲೆ ಕೆಲ್ಸ ಮಾಡಿ ಬಿಟ್ಟಾಗ ಕೊಡೋ ದುಡ್ಡು) ಅಂತ ಬೇಸಿಕ್ಕಿನ ಶೇಕಡ 4.81, ಸುಮಾರು 14,400. ಉಳಿದಿದ್ದರಲ್ಲಿ ನಿಮ್ಮ ಪಾಲಿನ ಪಿಎಫ್ ಇನ್ನೊಂದು 36,000, ತಿಂಗಳಿಗೆ ಸುಮಾರು 200 ಪ್ರೊಫೆಷನಲ್ ಟ್ಯಾಕ್ಸ್. ಕೈಗೆ ಬರೋದು ತಿಂಗಳಿಗೆ ಸುಮಾರು 37,500. ಕೆಲವು ಕಡೆ ಪಿಎಫ್ ಕಮ್ಮಿ ಮೊತ್ತದ ಮೇಲೆ ಕಟ್ತಾರೆ, ಆಗ ಸ್ವಲ್ಪ ಜಾಸ್ತಿ ಬರತ್ತೆ. ಅದಕ್ಕೇ ಆಫರ್ ಬಂದಾಗ ಬ್ರೇಕಪ್ ಕಳ್ಸಿ ಅಂತ ಕೇಳಿ, ಅದನ್ನ ಕೇಳೋದು ದುರಾಸೆ ಅಲ್ಲ. ಎಷ್ಟು ಬೇಕು ಅಂದಾಗ ನೀವು ಹೇಳಿದಷ್ಟು ಸರ್ ಅನ್ಬೇಡಿ, ಅದೇ ಕೆಲ್ಸಕ್ಕೆ ನಾಲ್ಕು ಜನ ಪರಿಚಯದೋರನ್ನ ಕೇಳಿ ಒಂದು ರೇಂಜ್ ಇಟ್ಕೊಂಡು ಹೋಗಿ.

ದುಡ್ಡು ಕೇಳಿದ್ರೆ ಅಲ್ಲಿಂದ ಎದ್ದು ಬನ್ನಿ

2014ರಲ್ಲಿ ನಾನು ಒಂದು ಕನ್ಸಲ್ಟೆನ್ಸಿಗೆ ರಿಜಿಸ್ಟ್ರೇಷನ್ ಅಂತ 1,500 ಕಟ್ಟಿದೀನಿ, ಪಿಜಿ ಬಾಡಿಗೆಗೆ ಇಟ್ಟಿದ್ದ ದುಡ್ಡು, ಎರಡು ವಾರ ಬಿಟ್ಟು ಹೋದ್ರೆ ಬೀಗ. ಕೆಲ್ಸ ಕೊಡೋರು ನಿಮ್ಮತ್ರ ದುಡ್ಡು ತಗೊಳಲ್ಲ. ಟ್ರೇನಿಂಗ್ ಫೀಸು, ಲ್ಯಾಪ್‌ಟಾಪ್ ಡೆಪಾಸಿಟ್ಟು, ಬ್ಯಾಕ್‌ಡೋರ್ ಎಂಟ್ರಿ, ಟೆಲಿಗ್ರಾಂ ಗ್ರೂಪಲ್ಲಿ ರಿವ್ಯೂ ಬರ್ದು ಸಂಪಾದ್ನೆ, ಎಲ್ಲಾ ಒಂದೇ ಜಾತಿ. ಆನ್‌ಲೈನಲ್ಲಿ ದುಡ್ಡು ಕಳ್ಕೊಂಡ್ರೆ ತಡ ಮಾಡ್ದೆ ಸೈಬರ್ ಕ್ರೈಂ ಹೆಲ್ಪ್‌ಲೈನ್ 1930ಗೆ ಫೋನ್ ಮಾಡಿ, ಬೇಗ ಮಾಡಿದಷ್ಟೂ ದುಡ್ಡು ತಡೆಯೋ ಸಾಧ್ಯತೆ ಜಾಸ್ತಿ.

ಇದರ ಜೊತೇದೇ ಇನ್ನೊಂದು, ಫೇಕ್ ಎಕ್ಸ್‌ಪೀರಿಯನ್ಸ್ ಲೆಟರ್. ಈ ಊರಲ್ಲಿ ಅದನ್ನ ಮಾರೋ ಅಂಗಡಿಗಳಿವೆ, ಕೊಳ್ಳೋರೂ ಇದಾರೆ. ಈಗ ಬ್ಯಾಕ್‌ಗ್ರೌಂಡ್ ವೆರಿಫಿಕೇಷನಲ್ಲಿ ಪಿಎಫ್ ಯುಎಎನ್‌ನ (ಕೆಲ್ಸ ಬದಲಾದ್ರೂ ಬದಲಾಗದ ಪಿಎಫ್ ನಂಬರು) ಸರ್ವಿಸ್ ಹಿಸ್ಟರಿ ನೋಡ್ತಾರೆ, ಎಲ್ಲಿ ಯಾವಾಗಿಂದ ಯಾವಾಗಿನ ತನಕ ಅಂತ ಅಲ್ಲೇ ಇರತ್ತೆ. ಸೇರಿ ಆರು ತಿಂಗಳಾದ್ಮೇಲೆ ಸಿಕ್ಕಿಬಿದ್ದು ಅವತ್ತೇ ಐಡಿ ಕಾರ್ಡ್ ಕೊಟ್ಟು ಹೋದೋನನ್ನ ನೋಡಿದೀನಿ, ಕೆಲಸದಲ್ಲಿ ಒಳ್ಳೇ ಹುಡುಗ ಅವನು, ಸುಳ್ಳು ಹೇಳ್ದೆ ಇದ್ರೂ ತಗೊಳ್ತಿದ್ವೇನೋ.

ಆಫರ್ ಲೆಟರ್ ಕೈಗೆ ಬಂತು ಅಂತ ಆ ಶೀಟ್ ಡಿಲೀಟ್ ಮಾಡ್ಬೇಡಿ. ಜಾಯಿನಿಂಗ್ ಡೇಟ್ ಮುಂದಕ್ಕೆ ಹೋಗತ್ತೆ, ಪ್ರಾಜೆಕ್ಟ್ ನಿಂತೋಗತ್ತೆ, ಕೆಲವು ಸಲ ಆಫರ್ರೇ ವಾಪಸ್ ತಗೋತಾರೆ. ಒಳಗೆ ಹೋಗಿ ಕೂರೋ ತನಕ ಉಳಿದ ಸಾಲುಗಳನ್ನ ಜೀವಂತ ಇಡಿ, ಬರೋ ಫೋನು ಎತ್ತಿ. ನಮ್ಮ ಹುಡ್ಗನಿಗೆ ಕೆಲ್ಸ ಸಿಕ್ಕಿದ್ದು ಇಪ್ಪತ್ಮೂರನೇ ಸಾಲಲ್ಲಿ, ರಾಜಾಜಿನಗರದ ಹತ್ರ ಒಂದು ಸಣ್ಣ ಫ್ಯಾಕ್ಟರಿಯ ಅಕೌಂಟ್ಸಲ್ಲಿ. ಹದಿನೇಳನೇ ಸಾಲಿನೋರು ಅವನು ಸೇರಿ ಮೂರನೇ ದಿನಕ್ಕೆ ಫೋನ್ ಮಾಡಿದ್ರು, ಆ ತಾಳೆ ನೋಡೋ ಶೀಟ್ ಇನ್ನೊಂದ್ಸಲ ಕಳಿಸ್ತೀರಾ ಅಂತ.